ಹಿಪ್-ಹಾಪ್ ಕಥೆಯನ್ನು ಮಕ್ಕಳಿಗೆ ಎಲ್ಲಿಂದ ಹೇಳಬೇಕು?

ಪ್ರಶ್ನೆ: ನಾವು ನ್ಯೂಜೆರ್ಸಿಗೆ ಬಂದು ಹನ್ನೆರಡು ವರ್ಷಗಳಾದವು. ಹತ್ತು ವರ್ಷದ ಮಗಳಿಗೆ ನವೆಂಬರ್ ತಿಂಗಳಲ್ಲಿ ಹಿಪ್-ಹಾಪ್ ಇತಿಹಾಸದ ಬಗ್ಗೆ ಶಾಲೆಯಲ್ಲಿ ಮಾತನಾಡಬೇಕಾಗಿದೆ. ಏಳು ವರ್ಷದ ಮಗ ಬ್ರೇಕ್ ಡಾನ್ಸ್ ವಿಡಿಯೋಗಳನ್ನು ನೋಡಿ ದಿನವಿಡೀ ನೆಲದ ಮೇಲೆ ತಿರುಗುತ್ತಾನೆ. ದಾವಣಗೆರೆಯಿಂದ ಬಂದಿರುವ ಮಾವನವರು, "ಇದೂ ಒಂದು ಸಂಗೀತವೇನಮ್ಮಾ? ರಾಗವಿಲ್ಲ, ಬರೀ ಬೈಗುಳ" ಎನ್ನುತ್ತಾರೆ. ನನಗೂ ಇದರ ಬಗ್ಗೆ ಹೆಚ್ಚು ಗೊತ್ತಿಲ್ಲ. ಹಾಡುಗಳಲ್ಲಿ ಬರುವ ಮಾತು, ಬಂದೂಕು, ಮಾದಕವಸ್ತುಗಳನ್ನು ಕಂಡರೆ ಹೆದರಿಕೆಯಾಗುತ್ತದೆ. ಎಲ್ಲಿಂದ ಆರಂಭಿಸಲಿ, ಯಾವುದನ್ನು ಬಿಡಲಿ? "ನಮ್ಮ ಜಾನಪದದಲ್ಲೂ ಇಂಥದ್ದಿತ್ತು" ಎಂದು ಹೇಳಿಕೊಟ್ಟರೆ ಸರಿಯೇ? ಮಗಳು ಕನ್ನಡ ಕೂಟದ ರಾಜ್ಯೋತ್ಸವದಲ್ಲೂ ರ‍್ಯಾಪ್ ಹೇಳುತ್ತೇನೆಂದು ಹಟ ಹಿಡಿದಿದ್ದಾಳೆ.

ಉತ್ತರ: ಹಾಡಿನಿಂದ ಆರಂಭಿಸಬೇಡಿ ಎನ್ನುವುದೇ ನನ್ನ ಮೊದಲ ಮಾತು. ಹೆಚ್ಚಿನ ತಂದೆತಾಯಿಗಳು ಮಾಡುವ ತಪ್ಪು ಇದೇ. ಫೋನಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ ಹಾಡನ್ನು ಹಾಕುತ್ತಾರೆ, ಎರಡನೆಯ ಸಾಲಿಗೆ ಗಾಬರಿಯಾಗಿ ನಿಲ್ಲಿಸುತ್ತಾರೆ, ಅಲ್ಲಿಗೆ ಪಾಠ ಮುಗಿಯುತ್ತದೆ; ಇದು ಮುಚ್ಚಿಡಬೇಕಾದ ವಸ್ತು ಎಂಬುದಷ್ಟೇ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಹಿಪ್-ಹಾಪ್ ಹುಟ್ಟಿ ಸುಮಾರು ಆರು ವರ್ಷಗಳವರೆಗೆ ಅದಕ್ಕೆ ಧ್ವನಿಮುದ್ರಿತ ಹಾಡು ಎಂಬುದೇ ಇರಲಿಲ್ಲ. ಇದ್ದದ್ದು ಒಂದು ಬಡಾವಣೆ, ಅಲ್ಲಿನ ಹುಡುಗ ಹುಡುಗಿಯರು, ಅವರ ಕೈಗೆ ಸಿಕ್ಕ ಹಳೆಯ ರೆಕಾರ್ಡುಗಳು ಮತ್ತು ಶನಿವಾರದ ಸಂಜೆಗಳು. ಆದ್ದರಿಂದ ನಿಮ್ಮ ಮಗಳಿಗೆ ಮೊದಲು ಹೇಳಬೇಕಾದದ್ದು ಒಂದು ಅಣ್ಣತಂಗಿಯರ ಕಥೆ.

1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂ, ಮನೆ ಸಂಖ್ಯೆ 1520. ಬೇಸಿಗೆ ರಜೆ ಮುಗಿಯುತ್ತ ಬಂದು ಶಾಲೆ ತೆರೆಯಲಿದ್ದ ಹೊತ್ತು. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕಿತ್ತು. ಆಕೆ ತಾವಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ಸಮುದಾಯ ಕೋಣೆಯನ್ನು ಬಾಡಿಗೆಗೆ ಹಿಡಿದು, ಕೈಯಲ್ಲೇ ಬರೆದ ಚೀಟಿಗಳನ್ನು ಹಂಚಿ ಒಂದು ಕುಣಿತದ ಕೂಟವನ್ನು ಏರ್ಪಡಿಸಿದಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಸಂಗೀತ ನುಡಿಸುವ ಹೊಣೆ ಅಣ್ಣ ಕ್ಲೈವ್‌ನದು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ 1967ರಲ್ಲಿ ಬ್ರಾಂಕ್ಸಿಗೆ ಬಂದ ಈ ಹದಿನೆಂಟರ ಹುಡುಗ, ಎತ್ತರದ ಆಳಾದ್ದರಿಂದ ಹರ್ಕ್ಯುಲಿಸ್ ಎಂದು ಕರೆಸಿಕೊಂಡು, ಅದನ್ನೇ ಮೊಟಕುಗೊಳಿಸಿ ಡಿಜೆ ಕೂಲ್ ಹರ್ಕ್ ಆಗಿದ್ದ. ತಂದೆಯ ಬಳಿ ಇದ್ದ ಧ್ವನಿವರ್ಧಕಗಳೇ ಅವನ ಬಂಡವಾಳ. ಹಿಪ್-ಹಾಪ್ ಹುಟ್ಟಿದ ದಿನವೆಂದು ಇಂದು ಲೋಕವೆಲ್ಲ ಎಣಿಸುವುದು ಆ ರಾತ್ರಿಯನ್ನೇ. ಯಾವ ಕಲೆಯೂ ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ ಎಂಬುದು ನಿಜವೇ, ಆದರೂ ಮಗುವಿಗೆ ಕಥೆ ಹೇಳಲು ಒಂದು ಬಾಗಿಲು ಬೇಕಲ್ಲವೇ. ಇಲ್ಲಿ ಇನ್ನೊಂದು ವಿಷಯವನ್ನು ಮರೆಯದೆ ಹೇಳಿ: ಅಣ್ಣನ ಹೆಸರು ಎಲ್ಲ ಪುಸ್ತಕಗಳಲ್ಲಿದೆ, ಕೂಟದ ಯೋಚನೆ, ಲೆಕ್ಕ, ಚೀಟಿ, ಬಾಡಿಗೆ ಎಲ್ಲವೂ ತಂಗಿಯದು.

ಹರ್ಕ್ ಮಾಡಿದ ಹೊಸತೇನು ಎಂಬುದನ್ನು ವಿವರಿಸುವಾಗ ಸ್ವಲ್ಪ ನಿಧಾನಿಸಿ, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಜೇಮ್ಸ್ ಬ್ರೌನ್‌ರಂಥವರ ಫಂಕ್ ಎಂಬ ಲಯಪ್ರಧಾನ ಕುಣಿತದ ಹಾಡುಗಳಲ್ಲಿ ಒಂದೆಡೆ ಹಾಡುಗಾರಿಕೆಯೂ ಉಳಿದ ವಾದ್ಯಗಳೂ ನಿಂತು ಡ್ರಮ್ ಮಾತ್ರ ಕೆಲವು ಸೆಕೆಂಡು ನುಡಿಯುತ್ತದೆ. ಅದಕ್ಕೆ ಬ್ರೇಕ್ ಎಂದು ಹೆಸರು. ಕುಣಿಯುವ ಹುಡುಗರು ಹಾಡಿನುದ್ದಕ್ಕೂ ಗೋಡೆಗೊರಗಿ ನಿಂತು, ಆ ತುಣುಕು ಬಂದಾಗಲಷ್ಟೇ ನಡುವಿಗೆ ನುಗ್ಗುವುದನ್ನು ಹರ್ಕ್ ಗಮನಿಸಿದ. ಅವರಿಗೆ ಬೇಕಾದದ್ದು ಅದೇ ಆದರೆ ಅದನ್ನೇ ಏಕೆ ಹಿಗ್ಗಿಸಬಾರದು? ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಆರಂಭಿಸುವುದು, ಅಷ್ಟರೊಳಗೆ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ ಅಣಿಗೊಳಿಸುವುದು, ಹೀಗೆ ಕೆಲವು ಸೆಕೆಂಡುಗಳ ಡ್ರಮ್ಮನ್ನು ಬೇಕಾದಷ್ಟು ಹೊತ್ತು ಓಡಿಸುವುದು ಅವನು ಕಂಡುಕೊಂಡ ದಾರಿ. ಇದಕ್ಕೆ ಅವನಿಟ್ಟ ಹೆಸರು ಮೆರಿ-ಗೋ-ರೌಂಡ್, ನಮ್ಮ ಜಾತ್ರೆಯಲ್ಲಿ ತಿರುಗುವ ಕುದುರೆಗಳ ಆಟ. ಆ ತುಣುಕಿಗೆ ಕುಣಿಯುವವರೇ ಬ್ರೇಕ್ ಹುಡುಗ ಹುಡುಗಿಯರು, ಅಂದರೆ ಬಿ-ಬಾಯ್ ಮತ್ತು ಬಿ-ಗರ್ಲ್. ನಿಮ್ಮ ಮಗನ ನೆಲದ ಮೇಲಿನ ಉರುಳಾಟಕ್ಕೆ ಹೆಸರು ಬಂದದ್ದು ಇಲ್ಲಿಂದ ಎಂದು ತಿಳಿಸಿ. ಅವನ ಕಣ್ಣು ಅರಳುವುದನ್ನು ನೀವೇ ನೋಡುತ್ತೀರಿ.

ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. ನಾನು ಮಕ್ಕಳಿಗೆ ಎರಡು ಫೋನುಗಳನ್ನು ಕೊಟ್ಟು, ಎರಡರಲ್ಲೂ ಒಂದೇ ಹಾಡನ್ನು ಹಾಕಿಸಿ, ಡ್ರಮ್ ಮಾತ್ರ ಇರುವ ಎಂಟು ಸೆಕೆಂಡನ್ನು ಲಯ ತಪ್ಪದೆ ಒಂದು ನಿಮಿಷ ಓಡಿಸಿ ಎನ್ನುತ್ತೇನೆ. ಮೊದಲ ಹತ್ತು ಪ್ರಯತ್ನಗಳು ನಗೆಪಾಟಲಾಗುತ್ತವೆ. ಹನ್ನೊಂದನೆಯದಕ್ಕೆ ಯಾರೋ ಒಬ್ಬರು ಬೆರಳು ಮಡಚಿ ತಾಳ ಎಣಿಸಲು ಆರಂಭಿಸುತ್ತಾರೆ. ನಿಮ್ಮ ಮಗಳು ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಿದ್ದರೆ ಇದು ಆಕೆಗೆ ಇನ್ನೂ ಸುಲಭ: ರ‍್ಯಾಪಿನ ಒಂದು ಬಾರ್ ಎಂದರೆ ನಾಲ್ಕು ಎಣಿಕೆ, ಎರಡು ಬಾರ್ ಸೇರಿದರೆ ಆದಿತಾಳದ ಎಂಟು ಎಣಿಕೆಯ ಒಂದು ಆವರ್ತನದ ಅಳತೆ. ಹದಿನಾರು ಬಾರ್‌ಗಳ ಒಂದು ಚರಣ ಎಂಟು ಆವರ್ತನಗಳಲ್ಲಿ ಕುಳಿತುಕೊಳ್ಳುತ್ತದೆ. ಆದರೆ ಒತ್ತು ಬೀಳುವ ಜಾಗ ಬೇರೆ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ಆ ಪೆಟ್ಟಿಗೆ ಮೈ ಒಗ್ಗಿಸಿಕೊಳ್ಳುವುದು ಸಂಗೀತ ಕಲಿತ ಮಕ್ಕಳಿಗೇ ಹೆಚ್ಚು ಕಷ್ಟವೆಂಬುದು ನನ್ನ ಅನುಭವ.

ಹರ್ಕ್‌ನ ಎರಡು ರೆಕಾರ್ಡುಗಳ ಆಟದಲ್ಲಿ ಒಂದು ಕೊರತೆಯಿತ್ತು: ಮುಳ್ಳನ್ನು ಕಣ್ಣಳತೆಯಲ್ಲಿ ಇಳಿಸುತ್ತಿದ್ದುದರಿಂದ ಲಯ ಆಗಾಗ ಜಾರುತ್ತಿತ್ತು. ಅದನ್ನು ಸರಿಪಡಿಸಿದವನು ಬಾರ್ಬಡೋಸಿನಲ್ಲಿ ಹುಟ್ಟಿ ಬ್ರಾಂಕ್ಸಿನಲ್ಲಿ ಬೆಳೆದ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಮನೆಯಲ್ಲಿದ್ದ ವಿದ್ಯುತ್ ಉಪಕರಣಗಳನ್ನೆಲ್ಲ ಬಿಚ್ಚಿ ಬೈಸಿಕೊಳ್ಳುತ್ತಿದ್ದ ಈ ಹುಡುಗ ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದ. ಅವನು ಬ್ರೇಕ್ ಎಲ್ಲಿ ಆರಂಭವಾಗುತ್ತದೆಂದು ರೆಕಾರ್ಡಿನ ಮೇಲೆ ಬಣ್ಣದ ಕಡ್ಡಿಯಿಂದ ಗುರುತು ಹಾಕಿ, ಗಡಿಯಾರದ ಮುಳ್ಳನ್ನು ಓದುವಂತೆ ಆ ಗುರುತನ್ನು ಓದಿ, ತಟ್ಟೆಯನ್ನು ಇಂತಿಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಮತ್ತೆ ಆರಂಭದ ಜಾಗ ಸಿಗುತ್ತದೆ ಎಂದು ಲೆಕ್ಕ ಹಾಕಿದ. ಒಂದು ರೆಕಾರ್ಡು ಸಭೆಗೆ ಕೇಳಿಸುತ್ತಿರುವಾಗ ಇನ್ನೊಂದನ್ನು ತಾನು ಮಾತ್ರ ಹೆಡ್‌ಫೋನಿನಲ್ಲಿ ಕೇಳಿಕೊಳ್ಳುವ ಏರ್ಪಾಟನ್ನೂ ತಾನೇ ಬೆಸುಗೆ ಹಾಕಿ ಮಾಡಿಕೊಂಡ. ಇವನ ಬಳಗದಲ್ಲೇ ಬೆಳೆದ ಇನ್ನೂ ಚಿಕ್ಕವನು ಥಿಯೊಡೋರ್. 1970ರ ದಶಕದ ನಡುವೆ, ಹದಿಮೂರರ ಆಸುಪಾಸಿನಲ್ಲಿ, ಕೋಣೆಯಲ್ಲಿ ಜೋರಾಗಿ ರೆಕಾರ್ಡು ಹಾಕಿಕೊಂಡಿದ್ದಾಗ ತಾಯಿ ಬಾಗಿಲಿಗೆ ಬಂದು ಗದರಿಸಿದರಂತೆ. ಅವರ ಮಾತು ಮುಗಿಯುವವರೆಗೆ ಅವನು ತಟ್ಟೆಯನ್ನು ಕೈಯಲ್ಲಿ ತಡೆಹಿಡಿದು ಸಣ್ಣಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಾಗ ಬಂದ ಕರಕರ ಸದ್ದೇ ಮುಂದೆ ಸ್ಕ್ರ್ಯಾಚ್ ಎಂಬ ವಾದನವಾಯಿತು. ಅಮ್ಮನ ಬೈಗುಳದಿಂದ ಹುಟ್ಟಿದ ವಾದ್ಯಕಲೆ ಎಂದರೆ ಮಕ್ಕಳು ಮರೆಯುವುದಿಲ್ಲ. ಮನೆಯ ಹಳೆಯ ರೆಕಾರ್ಡುಗಳನ್ನು ಮಾತ್ರ ಸ್ವಲ್ಪ ದಿನ ಎತ್ತಿಡಿ.

ಇಷ್ಟು ಹೇಳಿದ ಮೇಲೆ ಕಷ್ಟದ ಭಾಗ ಬರುತ್ತದೆ, ಅದನ್ನು ಬಿಡಬೇಡಿ. ಏಕೆ ಬ್ರಾಂಕ್ಸ್? ಏಕೆ ಹಳೆಯ ರೆಕಾರ್ಡು, ಏಕೆ ಅಪಾರ್ಟ್‌ಮೆಂಟಿನ ಕೆಳಕೋಣೆ? ಹತ್ತು ವರ್ಷದ ಮಗಳು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾಳೆ. 1948ರಲ್ಲಿ ಕೆಲಸ ಆರಂಭವಾದ ಕ್ರಾಸ್-ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿಯನ್ನು ರಾಬರ್ಟ್ ಮೋಸಸ್ ಎಂಬ ಅಧಿಕಾರಿ ಜನವಸತಿಯ ನಡುವೆಯೇ ಕೊರೆಸಿದರು; ಈಸ್ಟ್ ಟ್ರೆಮಾಂಟ್ ಎಂಬಲ್ಲಿ ಒಂದೇ ಮೈಲಿ ಅಂತರದಲ್ಲಿ ಸುಮಾರು 1,500 ಕುಟುಂಬಗಳು ಮನೆ ಬಿಡಬೇಕಾಯಿತು. ಅನುಕೂಲವಿದ್ದವರು ಊರಾಚೆಗೆ ಹೋದರು. ಉಳಿದವರು ಬಹುಮಟ್ಟಿಗೆ ಕರಿಯ ಅಮೆರಿಕನ್ನರು, ಪೋರ್ಟೊ ರಿಕೊದವರು, ಕೆರಿಬಿಯನ್ ದ್ವೀಪಗಳಿಂದ ಬಂದವರು. ಕಪ್ಪು ಜನರಿರುವ ಬಡಾವಣೆಗಳಿಗೆ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ, ಕಾರ್ಖಾನೆಗಳು ಮುಚ್ಚುತ್ತಿದ್ದವು, ನಗರದ ಬೊಕ್ಕಸ ಬರಿದಾಗಿ ಅಗ್ನಿಶಾಮಕ ಠಾಣೆಗಳನ್ನೂ ಮುಚ್ಚಲಾಯಿತು. ಬಾಡಿಗೆಗಿಂತ ವಿಮೆಯ ಹಣವೇ ಲಾಭವೆಂದು ಕಂಡ ಕೆಲವು ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಹಾಕಿಸಿದರು. 1977ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿನ ಷಾರ್ಲಟ್ ಬೀದಿಯಲ್ಲಿ ನಿಂತು ನೋಡಿದ್ದು ಇಟ್ಟಿಗೆಯ ರಾಶಿಗಳನ್ನು. ಶಾಲೆಗಳಲ್ಲಿ ಸಂಗೀತದ ಪಾಠಕ್ಕೆ ಹಣ ಕಡಿತವಾಗಿತ್ತು. ಪಿಟೀಲು ಸಿಗದ ಮಕ್ಕಳು ಅಪ್ಪನ ಟರ್ನ್‌ಟೇಬಲನ್ನೇ ವಾದ್ಯ ಮಾಡಿಕೊಂಡರು ಎಂದು ಹೇಳಿದಾಗ ಮೊದಲು ಹೇಳಿದ ಕಥೆಗೆ ಬೇರೆಯದೇ ತೂಕ ಬರುತ್ತದೆ. ಆದರೆ ಒಂದು ಎಚ್ಚರ: "ಬಡತನದಿಂದ ಕಲೆ ಹುಟ್ಟಿತು" ಎಂದು ಹೇಳಬೇಡಿ. ಬಡತನದಿಂದ ಹುಟ್ಟಿದ್ದು ಬೆಂಕಿ, ರೋಗ ಮತ್ತು ಹಸಿವು. ಕಲೆಯನ್ನು ಹುಟ್ಟಿಸಿದವರು ಅಲ್ಲಿದ್ದ ಮಕ್ಕಳು. ಆ ಶ್ರೇಯಸ್ಸನ್ನು ಅವರಿಂದ ಕಿತ್ತು ಬಡತನಕ್ಕೆ ಕೊಡುವುದು ನನಗೆ ಯಾವತ್ತೂ ಸರಿಯೆನಿಸಿಲ್ಲ.

ಬಂದೂಕಿನ ಬಗ್ಗೆ ನಿಮಗಿರುವ ಹೆದರಿಕೆಗೂ ಇದೇ ಕಾಲದಿಂದ ಒಂದು ಉತ್ತರವಿದೆ. ಆಗ ಬ್ರಾಂಕ್ಸಿನಲ್ಲಿ ಹದಿಹರೆಯದವರ ಗ್ಯಾಂಗುಗಳು ಬೀದಿ ಬೀದಿಯನ್ನು ಹಂಚಿಕೊಂಡಿದ್ದವು. 1971ರ ಡಿಸೆಂಬರಿನಲ್ಲಿ ಗೆಟ್ಟೊ ಬ್ರದರ್ಸ್ ಎಂಬ ಗುಂಪಿನ ಪರವಾಗಿ ಜಗಳ ಬಿಡಿಸಲು ಹೋದ, ಬ್ಲ್ಯಾಕ್ ಬೆಂಜಿ ಎಂದು ಕರೆಸಿಕೊಳ್ಳುತ್ತಿದ್ದ ಯುವಕನನ್ನು ಇನ್ನೊಂದು ಗುಂಪಿನವರು ಹೊಡೆದು ಕೊಂದರು. ಇಡೀ ಬ್ರಾಂಕ್ಸ್ ಸೇಡಿಗಾಗಿ ಕಾದಿತ್ತು. ಸತ್ತವನ ತಾಯಿ ಸೇಡು ಬೇಡವೆಂದರು. ಡಿಸೆಂಬರ್ 8ರಂದು ಹೋ ಅವೆನ್ಯೂವಿನ ಬಾಲಕರ ಕ್ಲಬ್ಬಿನಲ್ಲಿ ಹತ್ತಾರು ಗ್ಯಾಂಗುಗಳು ಒಂದೆಡೆ ಕುಳಿತು ಕದನವಿರಾಮಕ್ಕೆ ಒಪ್ಪಿದವು. ಆ ಒಪ್ಪಂದ ಪೂರ್ತಿಯಾಗಿ ಉಳಿಯಲಿಲ್ಲ. ಆದರೂ ಒಂದು ಬೀದಿಯವರು ಇನ್ನೊಂದು ಬೀದಿಯ ಕುಣಿತಕ್ಕೆ ಜೀವಭಯವಿಲ್ಲದೆ ಹೋಗಬಹುದಾದ ಸಣ್ಣ ಅವಕಾಶ ತೆರೆದದ್ದು ಅದರಿಂದ. ಎರಡು ವರ್ಷಗಳ ನಂತರದ ಸಿಂಡಿಯ ಕೂಟಕ್ಕೆ ನೆಲ ಹಸನಾದದ್ದು ಹಾಗೆ. ಹಿಪ್-ಹಾಪಿನ ಬ್ಯಾಟಲ್, ಅಂದರೆ ವೃತ್ತದೊಳಗೆ ನಿಂತು ಎದುರಾಳಿಯನ್ನು ಕುಣಿತದಲ್ಲೋ ಮಾತಿನಲ್ಲೋ ಸೋಲಿಸುವ ಪಂದ್ಯ, ಈ ಹಿನ್ನೆಲೆಯಲ್ಲಿ ಅರ್ಥವಾಗಬೇಕು. ಗ್ಯಾಂಗುಗಳನ್ನು ಸಂಗೀತದತ್ತ ತಿರುಗಿಸಿದವರೆಂದು ಆಫ್ರಿಕಾ ಬಂಬಾಟಾ ಅವರ ಹೆಸರನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. 2016ರಿಂದೀಚೆಗೆ ಅವರ ಮೇಲೆ ಬಾಲಕರ ಲೈಂಗಿಕ ಶೋಷಣೆಯ ಗಂಭೀರ ಆರೋಪಗಳು ಬಂದಿವೆ, ಅವರು ಅವನ್ನು ನಿರಾಕರಿಸಿದ್ದಾರೆ. ತಾಯಿಯಾಗಿ ನಿಮಗೆ ಇದು ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. ಮಗಳ ಭಿತ್ತಿಪತ್ರದಲ್ಲಿ ದೊಡ್ಡದಾಗಿ ಹಾಕಲು ಸಿಂಡಿಯ ಚಿತ್ರವೇ ಸಾಕು.

ನಿಮ್ಮ ಮಗನ ವಿಷಯಕ್ಕೆ ಬರುತ್ತೇನೆ. ಡಿಜೆ, ಮಾತು ಹೇಳುವ ಎಂಸಿ, ಬ್ರೇಕಿಂಗ್ ಕುಣಿತ, ಗೋಡೆಯ ಬರಹ, ಈ ನಾಲ್ಕೂ ಸೇರಿದರೆ ಹಿಪ್-ಹಾಪ್; ರ‍್ಯಾಪ್ ಅದರ ಒಂದು ಅಂಗ ಮಾತ್ರ. ಏಳು ವರ್ಷದವನಿಗೆ ಇತಿಹಾಸ ಹೇಳಬೇಕಾಗಿಲ್ಲ, ಕುಣಿತವೇ ಸಾಕು. ಆದರೆ ವಿಡಿಯೋ ನೋಡಿ ತಲೆಯ ಮೇಲೆ ತಿರುಗುವುದನ್ನು ಇಂದೇ ನಿಲ್ಲಿಸಿ, ಕತ್ತಿನ ಮೂಳೆಗೆ ಅದು ಅಪಾಯ. ತಿಳಿದವರು ಮೊದಲು ಕಲಿಸುವುದು ನಿಂತು ಹಾಕುವ ಹೆಜ್ಜೆಗಳನ್ನು, ಆಮೇಲೆ ಅಂಗೈ ಊರಿ ಕಾಲಾಡಿಸುವುದನ್ನು, ಆಮೇಲೆ ತಟ್ಟನೆ ಕಲ್ಲಾಗಿ ನಿಲ್ಲುವ ಫ್ರೀಜ್ ಭಂಗಿಯನ್ನು; ತಿರುಗಾಟಗಳೆಲ್ಲ ಮೈ ಗಟ್ಟಿಯಾದ ಮೇಲೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಬ್ರೇಕಿಂಗ್ ಸ್ಪರ್ಧೆ ನಡೆದು, ಮಹಿಳೆಯರಲ್ಲಿ ಜಪಾನಿನ ಅಮಿ, ಪುರುಷರಲ್ಲಿ ಕೆನಡಾದ ಫಿಲ್ ವಿಝರ್ಡ್ ಚಿನ್ನ ಗೆದ್ದರು. ಆ ಪಂದ್ಯಗಳನ್ನು ಮಗನೊಡನೆ ಕುಳಿತು ನೋಡಿ. ಕುಣಿಯುವವರಿಗೆ ಡಿಜೆ ಯಾವ ಹಾಡು ಹಾಕುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ ಎಂಬುದನ್ನು ಅವನಿಗೆ ತಿಳಿಸಿ, ಆಗ ಅವನು ಕಾಲನ್ನಷ್ಟೇ ಅಲ್ಲ ಕಿವಿಯನ್ನೂ ಗಮನಿಸುತ್ತಾನೆ. ಗೋಡೆಯ ಬರಹದ ಬಗ್ಗೆ ಹೆಚ್ಚು ಹೇಳಲಾರೆ. ಮ್ಯಾನ್‌ಹಟನ್ನಿನ 183ನೆಯ ಬೀದಿಯ ಹುಡುಗನೊಬ್ಬ ಟಾಕಿ 183 ಎಂದು ಊರೆಲ್ಲ ಬರೆದು 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸುದ್ದಿಯಾದದ್ದನ್ನು ಹೇಳಿ, ಅದು ಕಾನೂನಿಗೆ ವಿರುದ್ಧವಾಗಿತ್ತೆಂಬುದನ್ನೂ ಹೇಳಿ, ಒಂದು ದೊಡ್ಡ ಹಾಳೆಯನ್ನು ಗೋಡೆಗೆ ಅಂಟಿಸಿಕೊಡಿ.

ಈಗ ಹಾಡುಗಳು. ಇಲ್ಲಿ ನಿಮ್ಮ ನ್ಯೂಜೆರ್ಸಿಗೇ ಒಂದು ಪಾತ್ರವಿದೆ. ಎಂಗಲ್‌ವುಡ್ ಎಂಬ ಊರಿನಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬಾಕೆ ನಡೆಸುತ್ತಿದ್ದ ಶುಗರ್ ಹಿಲ್ ಸಂಸ್ಥೆ 1979ರಲ್ಲಿ ಮೂವರು ಯುವಕರಿಂದ ಹಾಡಿಸಿ ಹೊರತಂದ ರ‍್ಯಾಪರ್ಸ್ ಡಿಲೈಟ್, ಈ ಕಲೆಯನ್ನು ಬೀದಿಯಿಂದ ರೇಡಿಯೋಗೆ ಒಯ್ದ ಮೊದಲ ದೊಡ್ಡ ಯಶಸ್ಸು. ಆ ಮೂವರಲ್ಲಿ ಒಬ್ಬ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನು ಹಾಡಿದ ಸಾಲುಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ಎಷ್ಟು ಯಥಾವತ್ತಾಗಿ ಎತ್ತಿಕೊಂಡಿದ್ದನೆಂದರೆ ಕ್ಯಾಜ್ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳುವ ಸಾಲೂ ಹಾಗೆಯೇ ಉಳಿದುಕೊಂಡಿತ್ತು! ಕ್ಯಾಜ್‌ಗೆ ಹಣವೂ ಬರಲಿಲ್ಲ, ಹೆಸರೂ ಬರಲಿಲ್ಲ. ಪಕ್ಕದವನ ಉತ್ತರಪತ್ರಿಕೆಯನ್ನು ಹೆಸರಿನ ಸಮೇತ ನಕಲು ಮಾಡಿದ ಕಥೆಯೆಂದು ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಆಮೇಲೆ ಅದು ನ್ಯಾಯವೇ ಎಂದು ತಾವೇ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳವನ್ನು ಬೆಳೆಯಗೊಡಿ. 1969ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡ ಮುದ್ರಿಸಿದ ಆಮೆನ್, ಬ್ರದರ್ ಎಂಬ ವಾದನದಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ ಆರೇಳು ಸೆಕೆಂಡುಗಳ ಡ್ರಮ್ ತುಣುಕನ್ನು ಮುಂದೆ ಸಾವಿರಾರು ಹಾಡುಗಳು ಕತ್ತರಿಸಿ ಬಳಸಿಕೊಂಡವು. ಕೋಲ್‌ಮನ್ ಅದರಿಂದ ಏನನ್ನೂ ಪಡೆಯದೆ 2006ರಲ್ಲಿ ತೀರಿಕೊಂಡರು. ಹಾಗಾದರೆ ಹರ್ಕ್ ಇನ್ನೊಬ್ಬರ ಡ್ರಮ್ಮನ್ನು ಬಳಸಿದ್ದು ಸರಿಯೇ ಎಂದು ಮಗಳು ಕೇಳಬಹುದು. ಕುಣಿತದ ಕೂಟದಲ್ಲಿ ರೆಕಾರ್ಡು ನುಡಿಸುವುದಕ್ಕೂ ಅದರಿಂದ ತುಣುಕು ತೆಗೆದು ಹೊಸ ರೆಕಾರ್ಡು ಮಾರುವುದಕ್ಕೂ ವ್ಯತ್ಯಾಸವಿದೆ, 1991ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಅನುಮತಿಯಿಲ್ಲದೆ ತುಣುಕು ಬಳಸುವುದನ್ನು ಕಳವೆಂದೇ ಕರೆಯಿತು ಎಂದು ಹೇಳಿ, ಮುಂದಿನದನ್ನು ಆಕೆಯ ತೀರ್ಮಾನಕ್ಕೆ ಬಿಡಿ.

ಕೇಳಿಸುವುದಕ್ಕೆ ನನ್ನ ಆಯ್ಕೆ ಹೀಗಿರುತ್ತದೆ. ಮೊದಲು ಜೇಮ್ಸ್ ಬ್ರೌನ್ ಅವರ ಫಂಕಿ ಡ್ರಮ್ಮರ್, ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಡ್ರಮ್ ಒಂಟಿಯಾಗಿ ಉಳಿಯುವ ಜಾಗವನ್ನು ಹುಡುಕಿಸುವುದಕ್ಕಾಗಿ. ಆಮೇಲೆ ರನ್-ಡಿಎಂಸಿ, ಡಿ ಲಾ ಸೋಲ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡಗಳ ಹಾಡುಗಳು. ಇವರ ಮಾತಿನಲ್ಲಿ ಚೇಷ್ಟೆ ಹೆಚ್ಚು, ಕೊಳಕು ಕಡಿಮೆ. ವಿಲ್ ಸ್ಮಿತ್ ಮತ್ತು ಡಿಜೆ ಜ್ಯಾಝಿ ಜೆಫ್ ಅವರ ಪೇರೆಂಟ್ಸ್ ಜಸ್ಟ್ ಡೋಂಟ್ ಅಂಡರ್‌ಸ್ಟ್ಯಾಂಡ್, 1989ರಲ್ಲಿ ರ‍್ಯಾಪಿಗೆ ಸಂದ ಮೊದಲ ಗ್ರ್ಯಾಮಿ ಪಡೆದ ಹಾಡು, ಮಗಳಿಗೆ ಹೆಸರಿನಿಂದಲೇ ಇಷ್ಟವಾದೀತು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಬಳಗದ ಹೆಸರಿನಲ್ಲಿ 1982ರಲ್ಲಿ ಬಂದ ದಿ ಮೆಸೇಜ್ ಹಾಡನ್ನು ಹನ್ನೆರಡರ ನಂತರಕ್ಕೆ ಇಟ್ಟುಕೊಳ್ಳಿ. ಒಡೆದ ಗಾಜು, ಇಲಿ, ಜಿರಲೆಗಳ ಆ ಬೀದಿಯ ಚಿತ್ರ ಕಠೋರವಾದದ್ದು, ಆದರೆ ಕುಣಿತದ ಮೋಜಿನಲ್ಲಿದ್ದ ಎಂಸಿಯ ಮಾತು ಸುತ್ತಲಿನ ಬದುಕಿನತ್ತ ತಿರುಗಿದ್ದು ಅದರಲ್ಲಿ. ಯಾವ ಹಾಡನ್ನಾದರೂ ಮೊದಲು ನೀವೊಬ್ಬರೇ ಕೊನೆಯವರೆಗೆ ಕೇಳಿ. ಪೋಷಕರಿಗೆ ಎಚ್ಚರಿಕೆ ಎಂಬ ಕಪ್ಪುಬಿಳುಪಿನ ಚೀಟಿಯನ್ನಾಗಲಿ ಶುದ್ಧೀಕರಿಸಿದ ಆವೃತ್ತಿಯನ್ನಾಗಲಿ ಪೂರ್ತಿ ನಂಬಬೇಡಿ. ಶುದ್ಧ ಆವೃತ್ತಿಯಲ್ಲಿ ಬೈಗುಳವನ್ನು ಅಳಿಸಿರುತ್ತಾರೆ, ಹೆಣ್ಣಿನ ಬಗೆಗಿನ ತಾತ್ಸಾರ ಹಾಗೆಯೇ ಉಳಿದಿರುತ್ತದೆ. ಕನ್ನಡದಲ್ಲಿದೆ ಎಂದ ಮಾತ್ರಕ್ಕೆ ಮಕ್ಕಳಿಗೆ ಹೊಂದುತ್ತದೆ ಎಂದೂ ಅಲ್ಲ: ನಮ್ಮ ಬಹಳ ಜನಪ್ರಿಯ ರ‍್ಯಾಪ್ ಹಾಡೊಂದು ಮದ್ಯದ ಪೆಗ್ಗುಗಳನ್ನು ಎಣಿಸುತ್ತದೆ.

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಮಗಳಿಗೆ ಎಂಸಿ ಷಾ-ರಾಕ್ ಅವರ ಬಗ್ಗೆ ಹೇಳಿ. ಅವರಿದ್ದ ಫಂಕಿ ಫೋರ್ ಪ್ಲಸ್ ಒನ್ ತಂಡ 1981ರಲ್ಲಿ ಸ್ಯಾಟರ್‌ಡೇ ನೈಟ್ ಲೈವ್ ಕಾರ್ಯಕ್ರಮದ ಮೂಲಕ ಅಮೆರಿಕದ ರಾಷ್ಟ್ರೀಯ ದೂರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ಹಿಪ್-ಹಾಪ್ ತಂಡ, ಆ ಒಂದು ಎಂದರೆ ಷಾ-ರಾಕ್ ಅವರೇ. ಕ್ವೀನ್ಸ್‌ಬ್ರಿಜ್ ವಸತಿಯ ರಾಕ್ಸಾನ್ ಷಾಂಟೆ ಹದಿನಾಲ್ಕರ ವಯಸ್ಸಿನಲ್ಲಿ, 1984ರಲ್ಲಿ, ಹುಡುಗಿಯೊಬ್ಬಳನ್ನು ಛೇಡಿಸುವ ಗಂಡಸರ ಹಾಡಿಗೆ ಆ ಹುಡುಗಿಯ ಬಾಯಿಂದಲೇ ಉತ್ತರ ಕೊಟ್ಟು ನ್ಯೂಯಾರ್ಕನ್ನು ಬೆಚ್ಚಿಬೀಳಿಸಿದಳು. ಆ ಹಾಡಿನ ಮಾತೂ ಒರಟೇ, ಕೇಳಿಸಬೇಕಾಗಿಲ್ಲ. ಕಥೆಯನ್ನು ಹೇಳಿದರೆ ಸಾಕು.

ಬೈಗುಳದಲ್ಲಿ ಒಂದನ್ನು ಮಾತ್ರ ಬೇರೆಯಾಗಿ ತೆಗೆದುಕೊಳ್ಳಬೇಕು. ಕರಿಯ ಜನರನ್ನು ಹೀನಾಯವಾಗಿ ಕರೆಯುವ, ಆಂಗ್ಲದ ಎನ್ ಅಕ್ಷರದಿಂದ ಆರಂಭವಾಗುವ ಪದ ಅನೇಕ ರ‍್ಯಾಪ್ ಹಾಡುಗಳಲ್ಲಿ ಬರುತ್ತದೆ. ಅಮೆರಿಕದಲ್ಲಿ ಬೆಳೆಯುತ್ತಿರುವ ಭಾರತೀಯ ಮಕ್ಕಳು ಹಾಡಿನ ಜೊತೆ ಅದನ್ನೂ ಹಾಡಿಬಿಡುತ್ತಾರೆ, ತಂದೆತಾಯಿಗಳಿಗೆ ಅದರ ತೂಕವೇ ಗೊತ್ತಿರುವುದಿಲ್ಲ. ಮಗಳಿಗೆ ನೇರವಾಗಿ ಹೇಳಿ: ಇದು ಮನುಷ್ಯರನ್ನು ಕೊಂಡು ಮಾರಿದವರು ಅವರನ್ನು ಕರೆಯಲು ಬಳಸಿದ ಪದ, ಅದನ್ನು ಸಹಿಸಿದವರ ಮಕ್ಕಳು ಮೊಮ್ಮಕ್ಕಳು ತಮ್ಮೊಳಗೆ ಅದನ್ನು ಹೇಗೆ ಬಳಸಬೇಕು, ಬಳಸಬೇಕೇ ಎಂಬುದು ಅವರ ನಡುವಿನ ಚರ್ಚೆ, ನಾವು ಹೊರಗಿನವರು, ಹಾಡಿನಲ್ಲಿ ಬಂದರೂ ಬಾಯಿ ಮುಚ್ಚಿ ಆ ಜಾಗವನ್ನು ಖಾಲಿ ಬಿಡುತ್ತೇವೆ. ನಮ್ಮ ಊರುಗಳಲ್ಲಿ ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸುವುದನ್ನು ಕೇಳಿ ಬೆಳೆದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಮಗಳಿಗೆ ಆ ನೆನಪಿಲ್ಲ, ಆದ್ದರಿಂದ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನು "ನಮ್ಮಲ್ಲೂ ಇತ್ತು" ಎನ್ನುವ ಮಾತು. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ ಪಕ್ಷ ಪುರುಷನನ್ನು, ನಾಗೇಶಿ ಪಕ್ಷ ಸ್ತ್ರೀಯನ್ನು ಎತ್ತಿಹಿಡಿದು, ದಪ್ಪು ತುಂತುಣಿಗಳ ಲಯಕ್ಕೆ ರಾತ್ರಿಯಿಡೀ ಸವಾಲು ಜವಾಬಿನಲ್ಲಿ ಹಾಡುತ್ತಾರೆ; ಒಬ್ಬರ ಪದಕ್ಕೆ ಇನ್ನೊಬ್ಬರು ಅಲ್ಲೇ ಜವಾಬು ಕೊಡದಿದ್ದರೆ ಸೋತಂತೆ. ನಿಮ್ಮ ಮಾವನವರು ಜಾತ್ರೆಗಳಲ್ಲಿ ಇದನ್ನು ಕೇಳಿರುವ ಸಾಧ್ಯತೆಯಿದೆ. ಹಾಗಿದ್ದರೆ ಅವರ ಬಾಯಿಂದಲೇ ಮೊಮ್ಮಕ್ಕಳಿಗೆ ಅದನ್ನು ಹೇಳಿಸಿ, ಆಮೇಲೆ ಬ್ಯಾಟಲ್ ಒಂದನ್ನು ಅವರಿಗೆ ತೋರಿಸಿ. ರಾಗವಿಲ್ಲವೆಂಬ ಅವರ ದೂರು ಅಲ್ಲಿಗೆ ಅರ್ಧ ಕರಗುತ್ತದೆ, ಏಕೆಂದರೆ ಇಲ್ಲಿ ಕೇಳಬೇಕಾದದ್ದು ಲಯದ ಮೇಲೆ ಮಾತು ಹೇಗೆ ಕೂರುತ್ತದೆ ಎಂಬುದನ್ನು. ಇಷ್ಟರಮಟ್ಟಿಗೆ ಹೋಲಿಕೆ ಸರಿ. ಆದರೆ ಹೋಲಿಕೆ ಬೇರೆ, ಮೂಲ ಬೇರೆ. ಹಿಪ್-ಹಾಪಿನ ಬೇರುಗಳು ಜಮೈಕಾದ ಬೀದಿಯ ಧ್ವನಿವರ್ಧಕ ಕೂಟಗಳಲ್ಲಿ, ಕರಿಯ ಅಮೆರಿಕನ್ ಹುಡುಗರು ಒಬ್ಬರನ್ನೊಬ್ಬರು ಪ್ರಾಸಬದ್ಧವಾಗಿ ಹೀಯಾಳಿಸುವ ಡಜನ್ಸ್ ಎಂಬ ಆಟದಲ್ಲಿ, ಅವರ ಚರ್ಚಿನ ಉಪದೇಶದಲ್ಲಿ, ಪೋರ್ಟೊ ರಿಕೊದವರ ಕುಣಿತದಲ್ಲಿ ಇವೆ. ಏನೂ ಇಲ್ಲದವರೆಂದು ಕರೆಸಿಕೊಂಡ ಮಕ್ಕಳು ಕಟ್ಟಿದ್ದನ್ನು "ಅದು ನಮ್ಮಲ್ಲಿ ಮೊದಲೇ ಇತ್ತು" ಎಂದು ಒಂದು ವಾಕ್ಯದಲ್ಲಿ ಕಿತ್ತುಕೊಳ್ಳುವುದು ಕ್ಯಾಜ್‌ನ ಸಾಲುಗಳನ್ನು ಎತ್ತಿಕೊಂಡದ್ದಕ್ಕಿಂತ ತೀರ ಬೇರೆಯಲ್ಲ. ಶಾಲೆಯ ಭಾಷಣದಲ್ಲಿ ಗೀಗೀ ಪದವನ್ನು ತರುವುದು ಬೇಡ. ಮನೆಯಲ್ಲಿ ತಾತನೊಡನೆ ಅದು ಚೆನ್ನಾಗಿರುತ್ತದೆ.

ಒಂದು ಶನಿವಾರ ಬಿಡುವು ಮಾಡಿಕೊಂಡು ಬ್ರಾಂಕ್ಸಿಗೆ ಹೋಗಿ ಬನ್ನಿ. 1520 ಸೆಜ್‌ವಿಕ್ ಅವೆನ್ಯೂ ಇಂದಿಗೂ ಜನ ಬಾಡಿಗೆಗಿರುವ ಕಟ್ಟಡ, ಸ್ಮಾರಕವಲ್ಲ. ಕಾಲುದಾರಿಯಲ್ಲಿ ನಿಂತು ನೋಡಿ, ಬಾಗಿಲು ತಟ್ಟಬೇಡಿ, ನಿವಾಸಿಗಳ ಫೋಟೋ ತೆಗೆಯಬೇಡಿ. 2007ರಲ್ಲಿ ನ್ಯೂಯಾರ್ಕ್ ರಾಜ್ಯ ಅದನ್ನು ಹಿಪ್-ಹಾಪಿನ ಜನ್ಮಸ್ಥಳವೆಂದು ಒಪ್ಪಿಕೊಂಡಿತು. ಕಟ್ಟಡ ಮಾರಾಟಕ್ಕೆ ಬಂದು ಬಾಡಿಗೆ ಕೈಮೀರಿ ಏರುವ ಭಯ ಹುಟ್ಟಿದ್ದೂ ಅದೇ ಹೊತ್ತಿಗೆ. ಬಾಡಿಗೆದಾರರ ಹೋರಾಟದಲ್ಲಿ ಹರ್ಕ್ ಜೊತೆಗೆ ನಿಂತಿದ್ದರು. ಬ್ರಾಂಕ್ಸಿನಲ್ಲೇ ಹಿಪ್-ಹಾಪ್ ವಸ್ತುಸಂಗ್ರಹಾಲಯದ ಕಟ್ಟಡದ ಕೆಲಸ 2021ರಲ್ಲಿ ಆರಂಭವಾಯಿತು. ಹೊರಡುವ ಮುನ್ನ ಅಲ್ಲಿ ಪ್ರವೇಶವಿದೆಯೇ ಎಂದು ವಿಚಾರಿಸಿಕೊಳ್ಳಿ.

ರಾಜ್ಯೋತ್ಸವಕ್ಕೆ ಮಗಳು ರ‍್ಯಾಪ್ ಹೇಳುವುದಾದರೆ ನನ್ನದೇನೂ ಅಡ್ಡಿಯಿಲ್ಲ, ಆದರೆ ಸಿದ್ಧ ಹಾಡನ್ನು ಬಾಯಿಪಾಠ ಮಾಡಿಸಬೇಡಿ. ಬೆಂಗಳೂರಿನ ಹುಡುಗರು ಕನ್ನಡದಲ್ಲಿ ರ‍್ಯಾಪ್ ಕಟ್ಟಲು ಆರಂಭಿಸಿದಾಗ ಎದುರಿಸಿದ ತೊಡಕನ್ನೇ ಆಕೆಯೂ ಎದುರಿಸಲಿ: ಆಂಗ್ಲದ ಪುಟ್ಟ ಪದಗಳು ಪೆಟ್ಟಿನಂತೆ ಮುಗಿಯುತ್ತವೆ, ಕನ್ನಡದ ಪದಗಳು ಸ್ವರದಲ್ಲಿ ಕೊನೆಗೊಂಡು ಉದ್ದಕ್ಕೆ ಎಳೆಯುತ್ತವೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರಕ್ಕೆ ಇಡುತ್ತಿದ್ದರು, ರ‍್ಯಾಪ್ ಅದನ್ನು ಸಾಲಿನ ಕೊನೆಗೂ ನಡುವಿಗೂ ಕೇಳುತ್ತದೆ; ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡು ಎಂದು ಸವಾಲು ಹಾಕಿ. ಕ್ರಿಯಾಪದಗಳನ್ನೆಲ್ಲ ಕೊನೆಗೆ ಜೋಡಿಸಿ ಬಂದ, ನಿಂದ, ತಂದ ಎಂದರೆ ಅದು ಪ್ರಾಸವೇ ಆದರೂ ಸೋಮಾರಿ ಪ್ರಾಸ ಎಂಬುದನ್ನೂ ಹೇಳಬಹುದು. ವಿಷಯ ಕನ್ನಡಾಂಬೆಯದೇ ಆಗಬೇಕೆಂದಿಲ್ಲ. ನೀವಿರುವ ಬೀದಿ, ಶಾಲೆಯ ಹಳದಿ ಬಸ್ಸು, ವಿಡಿಯೋ ಕರೆಯಲ್ಲಿ ಮಾತ್ರ ಕಾಣುವ ಅಜ್ಜಿ, ತನ್ನ ಹೆಸರನ್ನು ಪ್ರತಿವರ್ಷ ತಪ್ಪಾಗಿ ಉಚ್ಚರಿಸುವ ಹೊಸ ಶಿಕ್ಷಕಿ, ಇವುಗಳಲ್ಲಿ ಯಾವುದರ ಮೇಲಾದರೂ ಎಂಟು ಬಾರ್ ಬರೆಯಲಿ. ಆಕೆಯ ತಮ್ಮನು ಬಾಯಲ್ಲಿ ಡ್ರಮ್ ನುಡಿಸಲಿ, ಮಾವನವರು ತಾಳ ಹಾಕಲಿ. ಸಾಲುಗಳನ್ನು ನೀವು ತಿದ್ದಿಕೊಡಬೇಡಿ.